ಜಮೀನಿನ ವ್ಯಾಜ್ಯ ಮತ್ತು ಹೈಕೋರ್ಟಿನ ಮೇಲ್ವಿಚಾರಣೆ: ಊರಿನಿಂದ ದೂರವಿರುವ ಹೆಣ್ಣುಮಕ್ಕಳು ತಿಳಿದಿರಬೇಕಾದದ್ದು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ವಕೀಲೆಯಲ್ಲ. ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಆದ್ದರಿಂದ ಇವತ್ತು ನಾನು ಹೇಳುವುದನ್ನು ಕಾನೂನು ಸಲಹೆ ಎಂದು ತೆಗೆದುಕೊಳ್ಳಬೇಡಿ. ನಿಮ್ಮ ವಕೀಲರ ಮುಂದೆ ಕುಳಿತಾಗ ಯಾವ ಪ್ರಶ್ನೆ ಕೇಳಬೇಕು ಎಂದು ಗೊತ್ತಾಗಲಿ ಎಂಬಷ್ಟೇ ಉದ್ದೇಶ.

ನಾಗಪುರದಲ್ಲಿರುವ ನಮ್ಮಲ್ಲಿ ಅನೇಕರ ತವರು ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ, ಉಡುಪಿ, ಮಂಗಳೂರು ಕಡೆ. ತಂದೆಯ ಜಮೀನು ಅಲ್ಲಿ, ನಾವು ಇಲ್ಲಿ. ಆಸ್ತಿಯ ಮಾತು ಬಂದಾಗ ಒಂದು ವಾಕ್ಯ ತುಂಬ ಸಲ ಕಿವಿಗೆ ಬೀಳುತ್ತದೆ: "ತಾಲ್ಲೂಕು ಕೋರ್ಟಿನಲ್ಲಿ ಏನಾದರೂ ಆಗಲಿ ಬಿಡಿ, ಹೈಕೋರ್ಟಿನಲ್ಲಿ ನೋಡಿಕೊಂಡರಾಯಿತು." ಈ ನಂಬಿಕೆ ಎಷ್ಟು ಸರಿ? ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಇರುವ ಮೇಲ್ವಿಚಾರಣೆಯ ಅಧಿಕಾರ ಎಂದರೇನು, ಅದು ಎಲ್ಲಿ ನಮ್ಮ ಕೈ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟೇ.

ಮೊದಲ ಪ್ರಶ್ನೆ: ಯಾವ ಹೈಕೋರ್ಟು? ಇಲ್ಲಿ ಸಿವಿಲ್ ಲೈನ್ಸ್‌ನಲ್ಲಿ ನಾವು ದಿನಾ ನೋಡುವ ಹೈಕೋರ್ಟು ಬಾಂಬೆ ಹೈಕೋರ್ಟಿನ ನಾಗಪುರ ಪೀಠ. 1936ರಿಂದ 1956ರವರೆಗೆ ನಾಗಪುರಕ್ಕೆ ತನ್ನದೇ ಹೈಕೋರ್ಟು ಇತ್ತು. ಅದೇ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಜಮೀನಿನ ಕೇಸುಗಳು ಬಾಂಬೆ ಹೈಕೋರ್ಟಿಗೆ ಹೋಗುತ್ತಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಎರಡೂ ಬದಲಾಯಿತು. ನಾಗಪುರ ಬಾಂಬೆ ಹೈಕೋರ್ಟಿನ ಕೆಳಗೆ ಬಂತು, ಧಾರವಾಡ ಕಡೆಯ ಜಿಲ್ಲೆಗಳು ಮೈಸೂರು ಹೈಕೋರ್ಟಿಗೆ ಸೇರಿದವು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾಗಿ, 2013ರಲ್ಲಿ ಕಾಯಂ ಆದವು.

ಈ ಇತಿಹಾಸ ಯಾಕೆ ಹೇಳಿದೆ ಎಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಪ್ರಕಾರ ಜಮೀನಿನ ದಾವೆಯನ್ನು ಜಮೀನು ಇರುವ ಊರಿನ ಕೋರ್ಟಿನಲ್ಲೇ ಹಾಕಬೇಕು. ನಾವು ಎಲ್ಲಿ ವಾಸ ಮಾಡುತ್ತೇವೆ ಎಂಬುದು ಲೆಕ್ಕಕ್ಕಿಲ್ಲ. ನವಲಗುಂದದ ಹೊಲಕ್ಕೆ ಆ ಭಾಗದ ಸಿವಿಲ್ ಕೋರ್ಟು, ಅದರ ಮೇಲೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ. ನಾಗಪುರ ಪೀಠ ಮನೆಯಿಂದ ಹತ್ತು ನಿಮಿಷದ ದಾರಿಯಾದರೂ ಆ ಹೊಲದ ವಿಷಯದಲ್ಲಿ ಅದಕ್ಕೆ ಅಧಿಕಾರವಿಲ್ಲ. 17ನೇ ಕಲಮಿನಲ್ಲಿ ಒಂದು ಅನುಕೂಲವಿದೆ: ಒಂದೇ ವ್ಯಾಜ್ಯದ ಆಸ್ತಿ ಬೇರೆ ಬೇರೆ ಕೋರ್ಟುಗಳ ವ್ಯಾಪ್ತಿಯಲ್ಲಿ ಹರಡಿದ್ದರೆ, ಅದರಲ್ಲಿ ಯಾವ ಭಾಗ ಎಲ್ಲಿದೆಯೋ ಅಲ್ಲಿನ ಯಾವುದಾದರೂ ಒಂದು ಕೋರ್ಟಿನಲ್ಲಿ ದಾವೆ ಹೂಡಬಹುದು. ತಂದೆಯವರಿಗೆ ಊರಲ್ಲಿ ಜಮೀನು, ನಾಗಪುರದಲ್ಲಿ ಮನೆ ಎರಡೂ ಇದ್ದು ಪಾಲಿನ ದಾವೆ ಹಾಕುವಂತಿದ್ದರೆ, ಈ ಕಲಂ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಅವಶ್ಯ ಕೇಳಿ.

ಇನ್ನು ಮೇಲ್ವಿಚಾರಣೆಯ ವಿಷಯಕ್ಕೆ ಬರೋಣ. ನಮ್ಮ ಸಂವಿಧಾನದ 227ನೇ ವಿಧಿ ಪ್ರತಿಯೊಂದು ಹೈಕೋರ್ಟಿಗೂ ತನ್ನ ವ್ಯಾಪ್ತಿಯ ಎಲ್ಲ ಕೋರ್ಟುಗಳ ಮತ್ತು ನ್ಯಾಯಮಂಡಳಿಗಳ ಮೇಲೆ ಮೇಲ್ವಿಚಾರಣೆಯ ಅಧಿಕಾರ ಕೊಡುತ್ತದೆ. ಇದು 1950ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1861ರ ಹೈಕೋರ್ಟುಗಳ ಕಾಯ್ದೆಯಲ್ಲೇ ಇದರ ಬೇರು ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಈ ಅಧಿಕಾರವನ್ನು ಮೊಟಕು ಮಾಡಿತು. 1978ರ 44ನೇ ತಿದ್ದುಪಡಿ ಮತ್ತೆ ಅದನ್ನು ಮರಳಿ ಕೊಟ್ಟಿತು. 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಅಧಿಕಾರ ಸಂವಿಧಾನದ ಮೂಲ ರಚನೆಯ ಭಾಗ, ಇದನ್ನು ತೆಗೆದುಹಾಕಲು ಬರುವುದಿಲ್ಲ ಎಂದಿತು.

ಇಷ್ಟು ದೊಡ್ಡ ಅಧಿಕಾರ ಇದ್ದ ಮೇಲೆ ಹೈಕೋರ್ಟು ಎಲ್ಲವನ್ನೂ ಸರಿಮಾಡಿಬಿಡಬಹುದಲ್ಲ ಎನಿಸುತ್ತದೆ. ಆದರೆ ಹಾಗಲ್ಲ. ನಾವು ಚಿಕ್ಕವರಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಮೇಷ್ಟ್ರು ತರಗತಿಗೆ ಬರುತ್ತಾರೋ ಇಲ್ಲವೋ, ಪಾಠ ಮಾಡುತ್ತಾರೋ ಇಲ್ಲವೋ, ಹಾಜರಿ ಪುಸ್ತಕ ಸರಿ ಇದೆಯೋ ಇಲ್ಲವೋ ನೋಡುತ್ತಿದ್ದರು. ಒಬ್ಬೊಬ್ಬ ಹುಡುಗಿಯ ಉತ್ತರಪತ್ರಿಕೆ ತೆಗೆದು ಮತ್ತೆ ಅಂಕ ಹಾಕುತ್ತಿರಲಿಲ್ಲ. 227ನೇ ವಿಧಿಯ ಕೆಲಸವೂ ಹೆಚ್ಚುಕಡಿಮೆ ಇದೇ. ಕೆಳಗಿನ ಕೋರ್ಟು ತನ್ನ ಅಧಿಕಾರದ ಗೆರೆಯೊಳಗೆ ಇದೆಯೇ, ಮಾಡಲೇಬೇಕಾದ ಕೆಲಸ ಮಾಡಿದೆಯೇ ಎಂದು ಹೈಕೋರ್ಟು ನೋಡುತ್ತದೆ. ಆ ನ್ಯಾಯಾಧೀಶರ ಜಾಗದಲ್ಲಿ ತಾನಿದ್ದಿದ್ದರೆ ಬೇರೆ ತೀರ್ಮಾನ ಕೊಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಕೈ ಹಾಕುವುದಿಲ್ಲ. ಸಾಕ್ಷಿಗಳನ್ನು ಮತ್ತೆ ತೂಗಿ ನೋಡುವುದಿಲ್ಲ.

1954ರ ವರ್ಯಾಮ್ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಅದು ಬಾಡಿಗೆ ಜಾಗ ತೆರವು ಮಾಡಿಸುವ ವ್ಯಾಜ್ಯ. ಈ ಅಧಿಕಾರವನ್ನು ಅಪರೂಪಕ್ಕೆ ಬಳಸಬೇಕು, ಬರೀ ತಪ್ಪು ತಿದ್ದುವುದಕ್ಕಲ್ಲ ಎಂದಿತು. ಗಮನಿಸಿ, ಹೀಗೆ ಹೇಳಿಯೂ ಆ ಪ್ರಕರಣದಲ್ಲಿ ಮೇಲಿನ ಕೋರ್ಟು ಮಧ್ಯೆ ಬಂದದ್ದು ಸರಿ ಎಂದೇ ತೀರ್ಮಾನಿಸಿತು. ಯಾಕೆಂದರೆ ಕಾನೂನು ಮಾಡು ಎಂದು ಹೇಳಿದ ಕೆಲಸವನ್ನು ಕೆಳಗಿನ ಕೋರ್ಟುಗಳು ಮಾಡಲು ನಿರಾಕರಿಸಿದ್ದವು. ಅಂದರೆ ಅಧಿಕಾರಕ್ಕೆ ಹಲ್ಲಿಲ್ಲ ಎಂದಲ್ಲ, ಸುಮ್ಮಸುಮ್ಮನೆ ಕಚ್ಚುವುದಿಲ್ಲ.

ಹಾಗಾದರೆ ಜಮೀನಿನ ಕೇಸುಗಳಲ್ಲಿ ಈ 227ರ ಹೆಸರು ಇಷ್ಟೊಂದು ಕೇಳಿಬರುವುದು ಯಾಕೆ? ಅದಕ್ಕೆ ಕಾರಣ 2002ರ ಒಂದು ಬದಲಾವಣೆ. ಅಲ್ಲಿಯವರೆಗೆ ಕೇಸು ನಡೆಯುತ್ತಿರುವಾಗ ಆಗುವ ಮಧ್ಯಂತರ ಆದೇಶಗಳ ವಿರುದ್ಧ ಸಂಹಿತೆಯ 115ನೇ ಕಲಮಿನಡಿ ರಿವಿಜನ್ ಅರ್ಜಿ ಹಾಕಲು ಹೆಚ್ಚು ಅವಕಾಶವಿತ್ತು. ಒಂದೊಂದು ಸಣ್ಣ ಅರ್ಜಿಗೂ ಹೈಕೋರ್ಟಿಗೆ ಓಡುವುದು, ಅಸಲು ಕೇಸು ವರ್ಷಗಟ್ಟಲೆ ನಿಲ್ಲುವುದು ನಡೆದಿತ್ತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿಯೂ ಈ ವಿಷಯ ಪರಿಶೀಲಿಸಿತ್ತು. 1999ರ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂತು. ಈಗ ರಿವಿಜನ್ನಿಗೆ ಒಂದು ಕಟ್ಟಳೆ ಇದೆ: ನಾವು ಕೇಳಿದ ಆದೇಶ ಕೆಳಗಿನ ಕೋರ್ಟಿನಲ್ಲಿ ಸಿಕ್ಕಿದ್ದರೆ ಕೇಸೇ ಮುಗಿದುಹೋಗುತ್ತಿತ್ತು ಎನ್ನುವಂತಿದ್ದರೆ ಮಾತ್ರ ರಿವಿಜನ್.

ಆ ಬಾಗಿಲು ಚಿಕ್ಕದಾದಾಗ ಜನ ಸಂವಿಧಾನದ ಬಾಗಿಲು ತಟ್ಟಿದರು. 2003ರಲ್ಲಿ ಸೂರ್ಯದೇವ್ ರಾಯ್ ಪ್ರಕರಣ ಬಂತು. ಉತ್ತರ ಪ್ರದೇಶದ ಜಮೀನಿನ ವ್ಯಾಜ್ಯ. ತಾತ್ಕಾಲಿಕ ತಡೆಯಾಜ್ಞೆ ಕೇಳಿದವರಿಗೆ ಕೆಳಗಿನ ಕೋರ್ಟಿನಲ್ಲೂ ಸಿಗಲಿಲ್ಲ, ಜಿಲ್ಲಾ ಕೋರ್ಟಿನಲ್ಲೂ ಸಿಗಲಿಲ್ಲ. ಹೈಕೋರ್ಟು ಅರ್ಜಿಯನ್ನು ಒಳಗೇ ತೆಗೆದುಕೊಳ್ಳಲಿಲ್ಲ. ಸುಪ್ರೀಂ ಕೋರ್ಟು, 115ನೇ ಕಲಂ ಚಿಕ್ಕದಾದ ಮಾತ್ರಕ್ಕೆ ಹೈಕೋರ್ಟಿನ ಸಂವಿಧಾನದತ್ತ ಅಧಿಕಾರ ಚಿಕ್ಕದಾಗುವುದಿಲ್ಲ ಎಂದು ಹೇಳಿತು. 226 ಮತ್ತು 227 ಎರಡೂ ವಿಧಿಗಳಡಿ ಹೋಗಬಹುದು ಎಂದಿತು.

ನಂತರ 2010ರಲ್ಲಿ ನಮ್ಮ ಬಾಂಬೆ ಹೈಕೋರ್ಟಿನಿಂದಲೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಹೆಸರು ಶಾಲಿನಿ ಶ್ಯಾಮ್ ಶೆಟ್ಟಿ ವಿರುದ್ಧ ರಾಜೇಂದ್ರ ಶಂಕರ್ ಪಾಟೀಲ್. ಹೆಸರು ಕೇಳಿದ ಕೂಡಲೇ ನಮ್ಮೂರ ಕಡೆಯ ನೆನಪಾಗುತ್ತದೆ! ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಜಾಗದ ವ್ಯಾಜ್ಯ. ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಎ.ಕೆ. ಗಂಗೂಲಿ ಅವರ ಪೀಠ ಸ್ಪಷ್ಟವಾಗಿ ಹೇಳಿತು: ಇಬ್ಬರು ಖಾಸಗಿ ವ್ಯಕ್ತಿಗಳ ಆಸ್ತಿ ಜಗಳಕ್ಕೆ ರಿಟ್ ಅರ್ಜಿ ಪರಿಹಾರವಲ್ಲ. 226 ಬೇರೆ, 227 ಬೇರೆ. 227ರ ಅಧಿಕಾರ ಇರುವುದು ನ್ಯಾಯದ ಆಡಳಿತ ಸರಿಯಾಗಿ ನಡೆಯಲೆಂದು, ಮಾಮೂಲಿ ಮೇಲ್ಮನವಿಯ ಹಾಗೆ ಬಳಸಲೆಂದಲ್ಲ.

2015ರಲ್ಲಿ ರಾಧೇಶ್ಯಾಮ್ ವಿರುದ್ಧ ಛಬಿನಾಥ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಉಳಿದಿದ್ದ ಗೊಂದಲವನ್ನು ಮುಗಿಸಿತು. ಆ ಪೀಠದ ಮುಖ್ಯಸ್ಥರು ಅಂದಿನ ಮುಖ್ಯ ನ್ಯಾಯಮೂರ್ತಿ, ನಮ್ಮ ಕರ್ನಾಟಕದ ಎಚ್.ಎಲ್. ದತ್ತು. ಸಿವಿಲ್ ಕೋರ್ಟಿನ ಆದೇಶದ ವಿರುದ್ಧ 226ರಡಿ ರಿಟ್ ಬರುವುದಿಲ್ಲ, 227ರಡಿ ಮೇಲ್ವಿಚಾರಣೆ ಮಾತ್ರ ಎಂದು ತೀರ್ಮಾನವಾಯಿತು. ಇವತ್ತು ಚಾಲ್ತಿಯಲ್ಲಿರುವ ನಿಯಮ ಇದು. 2019ರ ಇನ್ನೊಂದು ತೀರ್ಪು, ತಮಿಳುನಾಡಿನ ವಿರುಧುನಗರದ ನಾಡಾರ್ ಸಭೆಯ ಪ್ರಕರಣದ್ದು, ಸಿವಿಲ್ ಸಂಹಿತೆಯಲ್ಲೇ ಮೇಲ್ಮನವಿಗೆ ದಾರಿ ಇದ್ದರೆ 227ರಡಿ ಬರುವುದಕ್ಕೆ ಹೆಚ್ಚುಕಡಿಮೆ ಪೂರ್ತಿ ತಡೆ ಇದೆ ಎಂದು ಹೇಳುತ್ತದೆ.

ಇಷ್ಟು ತೀರ್ಪುಗಳ ಹೆಸರು ಹೇಳಿ ನಿಮ್ಮ ತಲೆ ತಿನ್ನುವುದು ನನ್ನ ಉದ್ದೇಶವಲ್ಲ. ಇದರಿಂದ ನಮಗೆ ಬೇಕಾದದ್ದು ಒಂದೇ: ಪ್ರತಿಯೊಂದು ಆದೇಶಕ್ಕೂ ಅದರದೇ ಬಾಗಿಲಿದೆ. ತಪ್ಪು ಬಾಗಿಲಲ್ಲಿ ನಿಂತರೆ ಕಾಲ ಹೋಗುತ್ತದೆ, ಹಣ ಹೋಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾಗಪುರದ ಒಬ್ಬ ಸೋದರಿ ಇದ್ದಾರೆ ಎಂದುಕೊಳ್ಳಿ. ಹುಬ್ಬಳ್ಳಿ ಹತ್ತಿರ ತಂದೆಯ ಹೊಲ. ತಂದೆ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರು ಹೊಲ ಮಾರಲು ಹೊರಟಿದ್ದಾರೆ.

ಅವರು ಪಾಲಿನ ದಾವೆ ಹಾಕಿ, ಹೊಲ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿದರು. ಕೋರ್ಟು ಕೊಡಲಿಲ್ಲ. ಇದಕ್ಕೆ ಸಂಹಿತೆಯ 43ನೇ ಆದೇಶದಡಿ ಮೇಲ್ಮನವಿ ಇದೆ. ತಾಲ್ಲೂಕಿನ ಸಿವಿಲ್ ಕೋರ್ಟಾದರೆ ಸಾಮಾನ್ಯವಾಗಿ ಜಿಲ್ಲೆಯ ಮೇಲಿನ ಕೋರ್ಟಿಗೆ, ಮೂವತ್ತು ದಿನದೊಳಗೆ. ಇದನ್ನು ಬಿಟ್ಟು ನೇರ 227ರಡಿ ಹೈಕೋರ್ಟಿಗೆ ಹೋದರೆ ಅಲ್ಲಿಂದ ವಾಪಸ್ ಕಳಿಸುವ ಸಂಭವವೇ ಹೆಚ್ಚು.

ಇದರ ಉಲ್ಟಾ ಕೂಡ ಆಗಬಹುದು. ಎದುರಿನವರು ನಮ್ಮ ಮಾತು ಕೇಳದೆಯೇ, ಏಕಪಕ್ಷೀಯವಾಗಿ, ತಡೆಯಾಜ್ಞೆ ತಂದರು ಎನ್ನಿ. ಕೋರ್ಟು ಮೂವತ್ತು ದಿನದೊಳಗೆ ಆ ಅರ್ಜಿಯನ್ನು ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು 39ನೇ ಆದೇಶದ 3ಎ ನಿಯಮ ಹೇಳುತ್ತದೆ. ತೀರ್ಮಾನಿಸದಿದ್ದರೆ ಮೇಲ್ಮನವಿ ಹೋಗಬಹುದು ಎಂದು ಸುಪ್ರೀಂ ಕೋರ್ಟು 2000ದಲ್ಲಿ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ 227ಕ್ಕೆ ಮೊದಲು ಈ ದಾರಿಗಳನ್ನು ಬಳಸಿ ಎಂದೇ ಹೇಳಿತ್ತು.

ಮತ್ತೆ ನಮ್ಮ ಸೋದರಿಯ ಕಡೆ ಬರೋಣ. ಅಣ್ಣತಮ್ಮಂದಿರೇ ತಮ್ಮತಮ್ಮಲ್ಲಿ ಪಾಲಿನ ದಾವೆ ನಡೆಸುತ್ತಿದ್ದಾರೆ, ಈಕೆಯನ್ನು ಪಕ್ಷಗಾರಳಾಗಿ ಸೇರಿಸಿಯೇ ಇಲ್ಲ ಎನ್ನಿ. "ನನ್ನನ್ನೂ ಸೇರಿಸಿ" ಎಂದು ಈಕೆ ಅರ್ಜಿ ಹಾಕಿದರು, ಕೋರ್ಟು ತಳ್ಳಿಹಾಕಿತು. ಈ ಆದೇಶಕ್ಕೆ ಸಂಹಿತೆಯಲ್ಲಿ ಮೇಲ್ಮನವಿ ಇಲ್ಲ. ಇಲ್ಲಿ 227 ನಿಜವಾಗಿ ಕೆಲಸಕ್ಕೆ ಬರುತ್ತದೆ. ಹಾಗೆಯೇ ದಾವೆಯಲ್ಲಿ ತಿದ್ದುಪಡಿ ಬೇಡವೆಂದದ್ದು, ಜಮೀನಿನ ಹದ್ದು ನೋಡಲು ಕೋರ್ಟ್ ಕಮಿಷನರ್ ನೇಮಿಸಲು ಒಪ್ಪದಿದ್ದದ್ದು, ಮುಖ್ಯ ದಾಖಲೆಯನ್ನು ತೆಗೆದುಕೊಳ್ಳದಿದ್ದದ್ದು, ಇಂಥವುಗಳಿಗೆ ಸಾಮಾನ್ಯವಾಗಿ 227ರ ದಾರಿಯೇ ಉಳಿದಿರುತ್ತದೆ. ಆದರೆ ಅಲ್ಲಿಯೂ ಹೈಕೋರ್ಟು ಕೇಳುವ ಪ್ರಶ್ನೆ ಇದು: ಕೋರ್ಟಿಗೆ ಇಲ್ಲದ ಅಧಿಕಾರ ಬಳಸಿದೆಯೇ? ಇದ್ದ ಅಧಿಕಾರ ಬಳಸಲು ನಿರಾಕರಿಸಿದೆಯೇ? ಒಬ್ಬರ ಮಾತು ಕೇಳದೆಯೇ ತೀರ್ಮಾನಿಸಿದೆಯೇ? ಯಾವ ಆಧಾರವೂ ಇಲ್ಲದೆ ಬರೆದಿದೆಯೇ? ಈ ಪ್ರಶ್ನೆಗಳಿಗೆ ಹೌದು ಎನ್ನುವಂತಿದ್ದರೆ ಮಾತ್ರ ಅರ್ಜಿಯಲ್ಲಿ ಜೀವ ಇರುತ್ತದೆ.

ಅರ್ಜಿ ಗೆದ್ದರೂ ಹೈಕೋರ್ಟು ಹೊಲದಲ್ಲಿ ಇಷ್ಟು ಪಾಲು ನಿಮ್ಮದು ಎಂದು ಬರೆದುಕೊಡುವುದಿಲ್ಲ. ಸಾಮಾನ್ಯವಾಗಿ ತಪ್ಪು ಆದೇಶ ರದ್ದು ಮಾಡಿ, ಮತ್ತೆ ಕಾನೂನಿನ ಪ್ರಕಾರ ನೋಡಿ ಎಂದು ಕೆಳಗೇ ಕಳಿಸುತ್ತದೆ. ಮತ್ತೆ ಅದೇ ತಾಲ್ಲೂಕು ಕೋರ್ಟು. ಇನ್ನೊಂದು ಮಾತು, ಹೈಕೋರ್ಟಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಕೇಸು ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಬೇರೆಯಾಗಿ ತಡೆ ಕೇಳಿ ಪಡೆಯಬೇಕು. "ಹೈಕೋರ್ಟಿನಲ್ಲಿ ಇದೆಯಲ್ಲ" ಎಂದು ಕೆಳಗಿನ ತಾರೀಖಿಗೆ ಹೋಗದೆ ಬಿಟ್ಟರೆ ಅಲ್ಲಿ ಕೇಸು ಮುಂದೆ ಓಡುತ್ತಿರುತ್ತದೆ.

ತಾಲ್ಲೂಕು ಕೋರ್ಟಿನಲ್ಲಿ ಅರ್ಜಿ ವರ್ಷಗಟ್ಟಲೆ ಬಿದ್ದಿದ್ದರೆ, ಬೇಗ ತೀರ್ಮಾನಿಸಿ ಎಂದು ನಿರ್ದೇಶನ ಕೇಳಲು 227ರಡಿ ಹೋಗುವ ಪದ್ಧತಿ ಇದೆ. ಆದರೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಬೇರೆ ಕೋರ್ಟುಗಳಿಗೆ ಹೀಗೆ ಗಡುವು ಹಾಕುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ ಇರಲಿ ಎಂದಿದೆ. ಎಲ್ಲರ ಕೇಸೂ ಸಾಲಿನಲ್ಲಿದೆ, ಹೈಕೋರ್ಟಿಗೆ ಬಂದವರನ್ನು ಮಾತ್ರ ಮುಂದೆ ಬಿಡುವುದು ನ್ಯಾಯವಲ್ಲ ಎಂಬ ಯೋಚನೆ ಅದರ ಹಿಂದಿದೆ.

ನ್ಯಾಯಮಂಡಳಿಗಳ ಮೇಲೂ ಈ ಅಧಿಕಾರ ಇದೆ ಎಂದೆ. ನಮ್ಮ ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಭೂ ನ್ಯಾಯಮಂಡಳಿಗಳು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರರು ಫಾರಂ 7 ತುಂಬಿ ಮಂಡಳಿಯ ಮುಂದೆ ಹೋದರು. 1979ರ ಜೂನ್ 30ರವರೆಗೆ ಅರ್ಜಿಗೆ ಅವಕಾಶ ಇತ್ತು. ಗೇಣಿದಾರ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಿವಿಲ್ ಕೋರ್ಟಿನಿಂದ ತೆಗೆದು ಮಂಡಳಿಗೆ ಕೊಡಲಾಯಿತು. ಕಾಯ್ದೆ ಮಾಡಿದಾಗ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಈ ನಿರ್ಬಂಧವನ್ನು 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೆಗೆಯಿತು. ಮಂಡಳಿಯ ಆದೇಶಕ್ಕೆ ಮೇಲ್ಮನವಿಯೂ ಇರಲಿಲ್ಲ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು, 1990ರಲ್ಲಿ ರದ್ದಾಯಿತು. ಹಾಗಾಗಿ ಎಷ್ಟೋ ರೈತ ಕುಟುಂಬಗಳಿಗೆ, ಎಷ್ಟೋ ಧಣಿ ಕುಟುಂಬಗಳಿಗೆ, ತಾಲ್ಲೂಕಿನ ಮಂಡಳಿ ಬಿಟ್ಟರೆ ನೇರ ಹೈಕೋರ್ಟೇ ಗತಿಯಾಯಿತು. ಕಾರಣ ಬರೆಯದೆ ಕೊಟ್ಟ ಆದೇಶ, ನೋಟಿಸು ಕೊಡದೆ ಮಾಡಿದ ವಿಚಾರಣೆ ಇದ್ದಲ್ಲಿ ಹೈಕೋರ್ಟು ರದ್ದು ಮಾಡಿ ವಾಪಸ್ ಕಳಿಸುತ್ತಿತ್ತು. ಕರಾವಳಿ ಮತ್ತು ಮಲೆನಾಡಿನ ಹಿರಿಯರಿಗೆ ಈ "ರಿಮ್ಯಾಂಡ್" ಎಂಬ ಪದ ಚೆನ್ನಾಗಿ ಪರಿಚಯ. ಅನ್ಯಾಯವಾಗಿ ಜಮೀನು ಕಳೆದುಕೊಳ್ಳುವವರನ್ನು ಈ ಮೇಲ್ವಿಚಾರಣೆ ಉಳಿಸಿದ್ದೂ ಉಂಟು, ಅದೇ ದಾರಿಯಲ್ಲಿ ಒಂದು ಕೇಸು ಎರಡು ತಲೆಮಾರು ಓಡಿದ್ದೂ ಉಂಟು.

ಪಹಣಿಯ ವಿಷಯವನ್ನೂ ಇಲ್ಲಿ ಸೇರಿಸುತ್ತೇನೆ. ಮಹಾರಾಷ್ಟ್ರದಲ್ಲಿ ಸಾತ್ ಬಾರಾ ಎನ್ನುವುದು ನಮ್ಮಲ್ಲಿ ಪಹಣಿ, ಉತಾರ. ಖಾತೆ ಬದಲಾವಣೆಯಲ್ಲಿ ತಕರಾರಿದ್ದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 136ನೇ ಕಲಮಿನಡಿ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಯವರಿಗೆ ರಿವಿಜನ್. ಅದರ ನಂತರ ಹೈಕೋರ್ಟು. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರು ಇಲ್ಲದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ. ಹಕ್ಕು ಯಾರದು ಎಂದು ಹೇಳಬೇಕಾದದ್ದು ಸಿವಿಲ್ ಕೋರ್ಟು. ಕಂದಾಯ ಕಚೇರಿಯಿಂದ ಹೈಕೋರ್ಟಿನವರೆಗೆ ಓಡಾಡಿದ ಮೇಲೂ "ಸಿವಿಲ್ ಕೋರ್ಟಿಗೆ ಹೋಗಿ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ. ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಹಾಗಾದರೆ ಹಕ್ಕಿನ ಪ್ರಶ್ನೆ ಮೇಲಿನ ಕೋರ್ಟುಗಳಿಗೆ ಹೋಗುವುದೇ ಇಲ್ಲವೇ? ಹೋಗುತ್ತದೆ, ಮೇಲ್ಮನವಿಯ ದಾರಿಯಲ್ಲಿ. ಹೆಣ್ಣುಮಕ್ಕಳ ಪಾಲಿನ ಕಾನೂನು ಬೆಳೆದದ್ದು ಹಾಗೆಯೇ, ಅದರಲ್ಲೂ ಕರ್ನಾಟಕದ ಕೇಸುಗಳ ಮೂಲಕ. ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ 1994ರಲ್ಲೇ ತಮ್ಮ ತಮ್ಮ ತಿದ್ದುಪಡಿ ಮಾಡಿದ್ದವು. ಇಡೀ ದೇಶಕ್ಕೆ 2005ರ ಸೆಪ್ಟೆಂಬರ್ 9ರಿಂದ ಮಗಳು ಮಗನಷ್ಟೇ ಹಕ್ಕುದಾರಳಾದಳು. ಆಗ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಎದ್ದಿತು. 2015ರಲ್ಲಿ ಕರ್ನಾಟಕದಿಂದ ಹೋದ ಫೂಲಾವತಿ ಪ್ರಕರಣದಲ್ಲಿ, ಬದುಕಿರಬೇಕು ಎಂಬ ಉತ್ತರ ಬಂತು. 2018ರಲ್ಲಿ ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣ. ತಂದೆ ತೀರಿಕೊಂಡದ್ದು 2001ರಲ್ಲಿ, ದಾವೆ ಹೂಡಿದ್ದು 2002ರಲ್ಲಿ. ಕೆಳಗಿನ ಕೋರ್ಟು 2007ರಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದಿತು, ಹೈಕೋರ್ಟು 2012ರಲ್ಲಿ ಅದನ್ನೇ ಒಪ್ಪಿತು. ಸುಪ್ರೀಂ ಕೋರ್ಟು 2018ರಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ತಲಾ ಐದನೇ ಒಂದು ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು, ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಇತ್ಯರ್ಥ ಮಾಡಿದರು.

ದಾನಮ್ಮ ಅವರ ಕೇಸಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ದಾವೆ ಹೂಡಿದ್ದು ಆ ಹೆಣ್ಣುಮಕ್ಕಳಲ್ಲ. ಆದರೂ ಅವರು ತಾಲ್ಲೂಕಿನಿಂದ ದೆಹಲಿಯವರೆಗೆ ಪ್ರತಿ ಮೆಟ್ಟಿಲಲ್ಲೂ ಹಾಜರಿದ್ದು ನಮಗೂ ಪಾಲಿದೆ ಎಂದು ಹೇಳುತ್ತಲೇ ಬಂದರು. ಹದಿನಾರು ವರ್ಷ. ಮೊದಲ ಕೋರ್ಟಿನಲ್ಲೇ ಸುಮ್ಮನಿದ್ದಿದ್ದರೆ ಸುಪ್ರೀಂ ಕೋರ್ಟಿನ ಮುಂದೆ ಇಡಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ನಾನು ಇವತ್ತು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ. ನಮ್ಮ ಕಥೆ ಬರೆಯುವುದು ಮೊದಲ ಕೋರ್ಟು. ದಾಖಲೆ ಅಲ್ಲಿ, ಸಾಕ್ಷಿ ಅಲ್ಲಿ, ಪಾಟೀಸವಾಲು ಅಲ್ಲಿ. ಮೇಲಿನ ಕೋರ್ಟುಗಳು ಓದುವುದು ಅಲ್ಲಿ ಬರೆದದ್ದನ್ನು. ಎರಡನೇ ಮೇಲ್ಮನವಿಗೆ ಹೈಕೋರ್ಟಿಗೆ ಹೋದರೂ 100ನೇ ಕಲಮಿನ ಪ್ರಕಾರ ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತದೆ. ಮೇಲ್ವಿಚಾರಣೆಯಲ್ಲಂತೂ ಇನ್ನೂ ಕಡಿಮೆ. ಊರಿಂದ ದೂರ ಇರುವ ನಾವು "ದೂರ ಆಗುತ್ತದೆ" ಎಂದು ಬಿಟ್ಟುಬಿಡುವುದು ಸರಿಯಾಗಿ ಆ ಮೊದಲ ಕೋರ್ಟನ್ನೇ.

ಹಾಗಾಗಿ ಕೆಲವು ವ್ಯವಹಾರದ ಮಾತುಗಳು.

ಒಂದು, ಊರಿನ ಕೋರ್ಟಿನಿಂದ ಸಮನ್ಸು ಬಂದರೆ ತೆಗೆದುಕೊಳ್ಳಿ, ವಾಪಸ್ ಕಳಿಸಬೇಡಿ. ನೀವು ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅದನ್ನು ತೆಗೆಸಲು ಅದೇ ಕೋರ್ಟಿಗೆ ಮೂವತ್ತು ದಿನದಲ್ಲಿ ಅರ್ಜಿ ಹಾಕಬೇಕು. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ, ಡಿಕ್ರಿ ವಿಷಯ ತಿಳಿದ ದಿನದಿಂದ ಲೆಕ್ಕ.

ಎರಡು, ಅಣ್ಣನ ಮಗನಿಗೋ ಪರಿಚಯದವರಿಗೋ ಮುಖ್ತಿಯಾರ ಪತ್ರ ಬರೆದುಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ನಮಗೆ ಮಾತ್ರ ಗೊತ್ತಿರುವ ವಿಷಯಕ್ಕೆ ನಮ್ಮ ಬದಲು ಅವರು ಸಾಕ್ಷಿ ಹೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಜಾನಕಿ ಭೋಜ್ವಾನಿ ಪ್ರಕರಣದಲ್ಲಿ ಹೇಳಿದೆ. ಸಾಕ್ಷಿಯ ದಿನ ನಾವೇ ಹೋಗಬೇಕು, ಇಲ್ಲವೇ ವಿಡಿಯೋ ಮೂಲಕ ಹೇಳಲು ಕೋರ್ಟಿನ ಅನುಮತಿ ಕೇಳಬೇಕು.

ಮೂರು, ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ವಕೀಲರಿಂದ ಬರೆಸಿಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ತಾರೀಖಿನಲ್ಲಿ ಏನಾಯಿತು ಎಲ್ಲ ನಾಗಪುರದಲ್ಲಿ ಕೂತೇ ಕಾಣುತ್ತದೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ, ವಾಟ್ಸ್ಆ್ಯಪ್ ಬಳಸಲು ಬಂದರೆ ಸಾಕು.

ನಾಲ್ಕು, ಎದುರಿನವರು ನಮಗೆ ತಿಳಿಯದಂತೆ ಮೇಲಿನ ಕೋರ್ಟಿನಿಂದ ತಡೆ ತರಬಹುದು ಎಂಬ ಅನುಮಾನವಿದ್ದರೆ 148ಎ ಕಲಮಿನಡಿ ಕೇವಿಯಟ್ ಹಾಕಿಸಿ. ಅದು 90 ದಿನ ಜೀವಂತ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು.

ಐದು, ಪ್ರತಿ ಆದೇಶ ಬಂದಾಗ ವಕೀಲರಿಗೆ ಮೂರು ಪ್ರಶ್ನೆ ಕೇಳಿ: ಇದಕ್ಕೆ ಮೇಲ್ಮನವಿ ಇದೆಯೇ, ರಿವಿಜನ್ನೇ, 227ನೇ? ಎಷ್ಟು ದಿನದೊಳಗೆ? ಅಲ್ಲಿಯವರೆಗೆ ಕೆಳಗಿನ ಕೇಸಿನ ಗತಿ ಏನು? 227ಕ್ಕೆ ಇಂತಿಷ್ಟೇ ದಿನ ಎಂಬ ಗಡುವು ಕಾನೂನಿನಲ್ಲಿಲ್ಲ, ಆದರೆ ಕಾರಣವಿಲ್ಲದೆ ತಡಮಾಡಿ ಹೋದವರನ್ನು ಹೈಕೋರ್ಟು ಕೇಳುವುದಿಲ್ಲ.

ಆರು, ಖರ್ಚಿನ ಹೆದರಿಕೆಯಿಂದ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಆದಾಯದ ಮಿತಿ ಮಹಿಳೆಯರಿಗೆ ಅನ್ವಯಿಸುವುದಿಲ್ಲ. ತಾಲ್ಲೂಕು ಮಟ್ಟದಿಂದ ಹೈಕೋರ್ಟಿನವರೆಗೆ ಇದರ ಸಮಿತಿಗಳಿವೆ.

ಅಣ್ಣತಮ್ಮಂದಿರ ಜೊತೆ ಜಗಳವಾಡಿ ಎಂದು ಹೇಳಲು ನಾನು ಬಂದಿಲ್ಲ. ಕೂತು ಮಾತಾಡಿ, ಹಿರಿಯರನ್ನು ಮುಂದಿಟ್ಟುಕೊಂಡು ಪಾಲು ಬರೆದು ನೋಂದಣಿ ಮಾಡಿಸಿಕೊಂಡರೆ ಯಾವ ಕೋರ್ಟಿನ ಮೇಲ್ವಿಚಾರಣೆಯೂ ಬೇಕಾಗುವುದಿಲ್ಲ. ಪಾಲು ಬೇಡ ಎನ್ನುವವರು ಕೂಡ ತಿಳಿದು, ಬರೆದು, ಬಿಟ್ಟುಕೊಡಲಿ. ತಾರೀಖಿಗೆ ಹೋಗಲಾಗದೆ ಕಳೆದುಕೊಂಡದ್ದನ್ನು "ನಾನೇ ಬಿಟ್ಟುಕೊಟ್ಟೆ" ಎಂದು ಆಮೇಲೆ ಹೇಳಿಕೊಳ್ಳುವ ಹಾಗೆ ಆಗಬಾರದು, ಅಷ್ಟೇ.

ನಮ್ಮ ಮಹಿಳಾ ವೇದಿಕೆಗೆ ಒಂದು ಕೋರಿಕೆ. ವರ್ಷಕ್ಕೊಂದು ಸಲ ಕರ್ನಾಟಕದ ಜಮೀನು ಕಾನೂನು ಬಲ್ಲ ವಕೀಲರೊಬ್ಬರನ್ನು ಆನ್‌ಲೈನ್ ಮೂಲಕ ಕರೆಸಿ, ಸದಸ್ಯೆಯರು ನೇರವಾಗಿ ಪ್ರಶ್ನೆ ಕೇಳುವ ಹಾಗೆ ಮಾಡೋಣ. ಆ್ಯಪ್‌ನಲ್ಲಿ ಕೇಸಿನ ತಾರೀಖು ನೋಡುವುದನ್ನು ಕಲಿಸಲು ನಾನು ಯಾವಾಗ ಕರೆದರೂ ಬರುತ್ತೇನೆ.